ಲಿವರ್ ಆಕ್ಷನ್ ಕನಸು, ಮಾಗಡಿ ಹೊಲ

1/3
ಮೊದಲನೇ ಫೋಟೋ ನಮ್ಮ ಮಾವನ ಹೊಲ, ಕುದೂರು ಹತ್ತಿರ. ಯಾರೋ ಟ್ರ್ಯಾಕ್ಟರ್ ಅಡ್ಡಾದಿಡ್ಡಿ ಓಡಿಸಿದ ಹಾಗಿದೆ ಅಲ್ವಾ? ಟ್ರ್ಯಾಕ್ಟರ್ ಅಲ್ಲ, ಕಾಡುಹಂದಿ. ಒಂದೇ ರಾತ್ರಿ, ಅರ್ಧ ಎಕರೆ ಕಡಲೆಕಾಯಿ ಖಲಾಸ್.

ಎರಡನೇದು ಮಾವನ ಮಗ ನಂಗೆ ಕಳಿಸಿದ ಸ್ಕ್ರೀನ್‌ಶಾಟ್. ಅಮೆರಿಕದ ಯಾರೋ ಒಬ್ಬ ಗಡ್ಡದವನು, ಕೈಯಲ್ಲಿ ಲಿವರ್ ಆಕ್ಷನ್ ರೈಫಲ್. ಕೆಳಗೆ ಮೆಸೇಜು: "ಮಗಾ, ಹಂದಿಗೆ .357 ಸಾಕಾ, .44 ಮ್ಯಾಗ್ನಮ್ಮೇ ಬೇಕಾ? ನೀನು ಬಿಕಾಂ ಅಲ್ವಾ, ಲೆಕ್ಕ ಹಾಕು."

ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಬಿಟ್ಟು ನಾಲ್ಕು ದಿನ ಇದನ್ನೇ ಓದಿದೆ. ಅವನನ್ನ ನಗೋಕೆ ಆಗಲಿಲ್ಲ. ಪ್ರಶ್ನೆ ದಡ್ಡತನದ್ದಲ್ಲ.

ಗನ್ ವಿಷಯ ಗೊತ್ತಿಲ್ಲದವರಿಗೆ: ಟ್ರಿಗರ್ ಸುತ್ತ ಇರೋ ಬಳೆ ಥರದ ಹಿಡಿಯನ್ನ ಕೆಳಗೆ ಎಳೆದು ಮೇಲೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತೆ, ಹೊಸದು ಒಳಗೆ ಕೂರುತ್ತೆ. ಇದಕ್ಕೆ ಪಿಸ್ತೂಲು ರಿವಾಲ್ವರಿನ ತೋಟಾ ಹಾಕೋ ಐಡಿಯಾ ಇವತ್ತಿನದಲ್ಲ. ವಿಂಚೆಸ್ಟರ್ ಕಂಪನಿ 1873ರಲ್ಲೇ .44-40 ತೋಟಾದ ರೈಫಲ್ ತಂತು. ಅದೇ ತೋಟಾಗೆ ಕೋಲ್ಟ್ ಕಂಪನಿ ರಿವಾಲ್ವರ್ ಕೂಡ ಮಾಡ್ತು. ಸೊಂಟಕ್ಕೂ ಹೆಗಲಿಗೂ ಒಂದೇ ತೋಟಾ, ಸ್ಟಾಕ್ ಮೇಂಟೇನ್ ಮಾಡೋದು ಸುಲಭ. ಅಕೌಂಟ್ಸ್ ಹುಡುಗನಿಗೆ ಇದು ಇಷ್ಟ ಆಗಲೇಬೇಕು.

ಇನ್ನೊಂದು ಲಾಭ ನಳಿಗೆ ಉದ್ದದ್ದು. .357 ಮ್ಯಾಗ್ನಮ್ ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಟರೆ, ರೈಫಲ್ ನಳಿಗೆಯಿಂದ 1,700 ದಾಟುತ್ತೆ. ಒದೆತ ಕಮ್ಮಿ, ತೂಕ ಕಮ್ಮಿ, ಪೊದೆಯೊಳಗೆ ತಿರುಗಿಸೋಕೆ ಸಲೀಸು. ನೂರು ಗಜದೊಳಗೆ ಜಿಂಕೆ, ಹಂದಿಗೆ ಸರಿಯಾದ ಆಯುಧ. ಅದಕ್ಕಿಂತ ದೂರ ಅಂದ್ರೆ ಗುಂಡು ಇಳಿಮುಖ. ಅವರ ಊರಲ್ಲಿ, ಅವರ ಕಾನೂನಲ್ಲಿ ನನ್ನ ಕೇಳಿದ್ರೆ, ಹಂದಿಗೆ .44 ಅಂತಾನೇ ಹೇಳ್ತಿದ್ದೆ. ಗುಂಡು ಭಾರದ್ದು, ದಪ್ಪ ಚರ್ಮದ ಹಂದಿಗೆ ಮಾರ್ಜಿನ್ ಆಫ್ ಸೇಫ್ಟಿ ಇರಲಿ.

ಆದರೆ ನಾವಿರೋದು ಮಾಗಡಿ ರೋಡಲ್ಲಿ.

2/3
ಲಿವರ್ ಆಕ್ಷನ್‌ಗೂ ನಮ್ಮ ಏರಿಯಾಗೂ ಸಂಬಂಧ ಇಲ್ಲ ಅಂದ್ಕೋಬೇಡಿ. ತೇಜಸ್ವಿಯವರ 'ಕಾಡಿನ ಕತೆಗಳು' ಓದಿದ್ದೀರಲ್ವಾ? 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಅದರ ಮೂಲ ಲೇಖಕ ಕೆನೆತ್ ಆಂಡರ್ಸನ್ (1910-1974) ನಮ್ಮ ಬೆಂಗಳೂರಿನವರೇ. ಅವರ ಕೈಯಲ್ಲಿದ್ದದ್ದು ವಿಂಚೆಸ್ಟರ್ 1895 ಮಾಡೆಲ್, ಲಿವರ್ ಆಕ್ಷನ್ನೇ. ಆ ಜಾಲಹಳ್ಳಿ ಈಗ ಹಸಿರು ಮೆಟ್ರೋದಲ್ಲಿ ಒಂದು ಸ್ಟಾಪು.

ಆದರೆ ಅದು ಪಿಸ್ತೂಲಿನ ತೋಟಾ ಅಲ್ಲ, .405. 300 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ ಸುಮಾರು 2,200 ಅಡಿ. ಲೆಕ್ಕ ಹಾಕಿದ್ರೆ ಹೊಡೆತದ ಶಕ್ತಿ ರೈಫಲ್‌ನಿಂದ ಹೊರಟ .357ಕ್ಕಿಂತ ಸರಿಸುಮಾರು ಮೂರು ಪಟ್ಟು. ಮ್ಯಾಗಜೀನ್ ಕೂಡ ಬೇರೆ. ಸಾಮಾನ್ಯ ಲಿವರ್ ಆಕ್ಷನ್‌ನಲ್ಲಿ ನಳಿಗೆ ಕೆಳಗೆ ಕೊಳವೆಯೊಳಗೆ ತೋಟಾಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಚೂಪು ಮೂತಿಯ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಕೇಪಿಗೆ ತಾಗಿ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಅಲ್ಲಿ ಮೊಂಡು ಮೂತಿಯ ಗುಂಡು. 1895 ಮಾಡೆಲ್‌ಗೆ ಪೆಟ್ಟಿಗೆ ಥರದ ಮ್ಯಾಗಜೀನ್ ಇದ್ದಿದ್ದರಿಂದ ಈ ತಲೆನೋವಿಲ್ಲ.

ಹುಲಿ ಚಿರತೆ ಕತೆ ಓದಿ ಮೈ ಜುಂ ಅನ್ನೋದು ಬೇರೆ, ಇವತ್ತಿನ ಮಾಗಡಿ ಬೇರೆ. 2020ರಲ್ಲಿ ಇದೇ ತಾಲ್ಲೂಕಿನಲ್ಲಿ ಚಿರತೆ ಮಗುವನ್ನ ಕೊಂದಾಗಲೂ ಇಲಾಖೆ ಇಟ್ಟದ್ದು ಬೋನು. ನಡುವೆ 1972ರ ವನ್ಯಜೀವಿ ಕಾಯಿದೆ ಬಂದಿದೆ. ಶಿಕಾರಿ ಅನ್ನೋದು ನಮ್ಮಲ್ಲಿ ಹವ್ಯಾಸ ಅಲ್ಲ, ಕೇಸು. ಕಾಡುಹಂದಿನೂ ಅದರೊಳಗೇ ಬರುತ್ತೆ.

ಈಗ ಮಾವನ ಮಗನಿಗೆ ಉತ್ತರ. ಮೊದಲನೇದಾಗಿ, ನನಗೂ ನಿನಗೂ ಇಪ್ಪತ್ತು. ಆಯುಧ ಕಾಯಿದೆ ಪ್ರಕಾರ ಲೈಸೆನ್ಸ್‌ಗೆ ಇಪ್ಪತ್ತೊಂದು ತುಂಬಿರಬೇಕು. ತುಂಬಿದರೂ ಆ ಗಡ್ಡದವನ ರೈಫಲ್ ಇಲ್ಲಿ ಸಿಗಲ್ಲ. ಸಾಮಾನ್ಯ ಜನ ಬಂದೂಕು ಆಮದು ಮಾಡಿಕೊಳ್ಳೋದು ದಶಕಗಳ ಹಿಂದೆಯೇ ನಿಂತಿದೆ. ಸಿಗೋ ರೈಫಲ್ ಅಂದ್ರೆ ಇಷಾಪುರ ಕಾರ್ಖಾನೆಯ .315 ಥರದ್ದು. ಹಳೇ ಲಿವರ್ ಆಕ್ಷನ್ ಯಾರ ಮನೆಯಲ್ಲೋ ಇದ್ದರೂ ತೋಟಾ ಎಲ್ಲಿಂದ ತರ್ತೀಯ? ಗನ್ ಆರಿಸೋನು ಮೊದಲು ತೋಟಾ ಅಂಗಡಿ ನೋಡಬೇಕು.

ಕೊಡಗಿನ ಫ್ರೆಂಡ್ಸ್ ನೋಡಿ ಹೊಟ್ಟೆ ಉರ್ಕೋಬೇಡ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಣೆ ಆಗಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಕೊಳ್ಳೋಕೆ ವಿನಾಯಿತಿ, ಹಂದಿ ಹೊಡೆಯೋಕಲ್ಲ.

ತಮಾಷೆ ಅಂದ್ರೆ, ಬೆಳೆ ರಕ್ಷಣೆಗೆ ಅಂತ ಆಯುಧ ಕಾಯಿದೆಯ 13ನೇ ಸೆಕ್ಷನ್ ಹೆಸರು ಹಿಡಿದು ಹೇಳೋದು ಮೂತಿಯಿಂದ ಮದ್ದು ತುಂಬೋ ಕೋವಿಯನ್ನ. ಮದ್ದು ಸುರಿ, ಗುಂಡು ಜಡಿ, ಕೇಪು ಇಡು. ಅಷ್ಟರಲ್ಲಿ ಹಂದಿ ಕಡಲೆಕಾಯಿ ಮುಗಿಸಿ ಗೆಣಸಿಗೆ ಹೋಗಿರುತ್ತೆ.

3/3
ಇದನ್ನೆಲ್ಲ ಟೈಪ್ ಮಾಡಿ ಕಳಿಸಿದೆ. ಅವನ ರಿಪ್ಲೈ: "ಲೈಸೆನ್ಸ್ ಯಾರಿಗೆ ಬೇಕು, ಒಬ್ಬರು ಕೊಡಿಸ್ತೀನಿ ಅಂದಿದ್ದಾರೆ."

ಆ ಭಾನುವಾರ ಬೆಳಗ್ಗೆಯೇ ಬಸವೇಶ್ವರನಗರದಿಂದ ಬಸ್ ಹತ್ತಿದೆ.

ರಾತ್ರಿ ಮಾವನ ಜೊತೆ ಹೊಲದಲ್ಲಿ ಕೂತಿದ್ವಿ. ಸುತ್ತ ಎಷ್ಟು ಟಾರ್ಚು ಗೊತ್ತಾ! ಪ್ರತಿ ಹೊಲದಲ್ಲೂ ಯಾರೋ ಕಾವಲು. ಒಬ್ಬರು ಡಬ್ಬ ಬಡೀತಾರೆ, ಇನ್ನೊಬ್ಬರು ಕೂಗ್ತಾರೆ. ಈ ಕತ್ತಲಲ್ಲಿ, ಇಷ್ಟು ಜನರ ನಡುವೆ ರೈಫಲ್ ಗುಂಡು ಹಾರಿಸೋದಾ? ಹಂದಿಗೆ ತಪ್ಪಿದ ಗುಂಡು ನೂರು ಗಜಕ್ಕೆ ನಿಲ್ಲಲ್ಲ. ಈ ರಾತ್ರಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯ್ತು: ಕಾನೂನು ಪೂರ್ತಿ ಬಿಟ್ಟುಕೊಟ್ಟರೂ ಮಾಗಡಿ ಹೊಲಕ್ಕೆ ರೈಫಲ್ ತಪ್ಪು ಆಯ್ಕೆ.

ಮಾವ ಕೇಳಿದ್ದು ಒಂದೇ ಮಾತು: "ಕೋವಿ ಯಾವ್ದಾದ್ರೇನ್ಲಾ, ಒಳಗೆ ಹೋದ್ಮೇಲೆ ಬಿಡಿಸ್ಕಂಡು ಬರೋರ್ಯಾರು?"

ಹಾಗಂತ ರೈತ ಸುಮ್ನೆ ಕೂರಲಿ ಅಂತಲ್ಲ. ವನ್ಯಜೀವಿ ಕಾಯಿದೆಯ 11ನೇ ಸೆಕ್ಷನ್ನಲ್ಲೇ, ಹೊಲದಲ್ಲಿ ನಿಂತ ಬೆಳೆಗೆ ಅಪಾಯ ಆದ ಪ್ರಾಣಿಯನ್ನ ಹೊಡೆಯೋಕೆ ಅನುಮತಿ ಕೊಡೋ ಅಧಿಕಾರ ಅಧಿಕಾರಿಗಳಿಗಿದೆ. ಕೇರಳದಲ್ಲಿ 2022ರಿಂದ ಕಾಡುಹಂದಿ ವಿಷಯದಲ್ಲಿ ಪಂಚಾಯಿತಿ ಮಟ್ಟಕ್ಕೇ ಅದನ್ನ ಇಳಿಸಿದ್ರು. ತರಬೇತಿ ಇರೋನು, ಲೆಕ್ಕ ಇಟ್ಟು, ಗೊತ್ತಾದ ಜಾಗದಲ್ಲಿ ಹೊಡೆಯಲಿ. ನಮ್ಮೂರ ಹುಡುಗರು ವಾದ ಮಾಡಬೇಕಾದ್ದು ಇದರ ಬಗ್ಗೆ, .357 ಬಗ್ಗೆ ಅಲ್ಲ. ಇಲ್ಲದಿದ್ರೆ ಉರುಳು, ಸಿಡಿಮದ್ದು ಅಂತ ಶುರುವಾಗುತ್ತೆ. ಸಿಡಿಮದ್ದಿಗೆ ಹಂದಿ ಯಾವುದು, ಹಸು ಯಾವುದು ಗೊತ್ತಾಗಲ್ಲ.

ಅಲ್ಲೀವರೆಗೆ ಬೆಳೆ ಪರಿಹಾರಕ್ಕಾದರೂ ಅರ್ಜಿ ಹಾಕೋಣ ಅಂದೆ. ಮಾವ ಮಾತಾಡದೆ ಒಳಗಿಂದ ಪಹಣಿ ತಂದು ಕೈಗಿಟ್ರು. ಅದೇ ಮೂರನೇ ಫೋಟೋ. ಕಾಲಂ 9 ನೋಡಿ (ಹೆಸರು ಬ್ಲರ್ ಮಾಡಿದ್ದೀನಿ). ಅದು ತಾತನ ಹೆಸರು. ತಾತ ತೀರಿಕೊಂಡು ಹನ್ನೊಂದು ವರ್ಷ. ಪೌತಿ ಖಾತೆ ಯಾರೂ ಮಾಡಿಸಿಲ್ಲ. ಪರಿಹಾರಕ್ಕೂ ಇದೇ ಪಹಣಿ ಬೇಕು, ಬೆಳೆ ರಕ್ಷಣೆ ಲೈಸೆನ್ಸ್ ಕೇಳಿದ್ರೂ ಇದನ್ನೇ ತೋರಿಸಬೇಕು. ಮೂರು ಜನ ಚಿಕ್ಕಪ್ಪಂದಿರ ಸಹಿ, ವಂಶವೃಕ್ಷ, ತಾತನ ಮರಣ ಪ್ರಮಾಣಪತ್ರ.

ಮಾವನ ಮಗನಿಗೆ ಆ ಪಹಣಿ ಫೋಟೋನೇ ಕಳಿಸಿದೆ, ಕೆಳಗೆ ಏನೂ ಬರೀಲಿಲ್ಲ. ಎರಡು ದಿನ ಬ್ಲೂ ಟಿಕ್ ಅಷ್ಟೇ. ನಿನ್ನೆ ರಾತ್ರಿ ಮೆಸೇಜ್ ಬಂತು: "ಮರಣ ಪ್ರಮಾಣಪತ್ರ ನಿಮ್ಮಮ್ಮನ ಬೀರುನಲ್ಲಿ ಇದೆಯಂತೆ, ಬುಧವಾರ ತಗೊಂಡ್ ಬಾ."

ಬುಧವಾರ ಇಂಟರ್ನಲ್ಸ್ ಇದೆ. ಗುರುವಾರ ಬರ್ತೀನಿ ಅಂದಿದ್ದೀನಿ.