ಕಾರವಾರ ಅಂಕೋಲೆಗಳಲ್ಲಿ ಬಿಡಾರ

ತಿಥಿಯ ನಿಯಮವಿಲ್ಲದೆ ಬರುವವನು ಅತಿಥಿಯೆಂದು ಹಿರಿಯರು ಅರ್ಥ ಹೇಳಿರುವರು. ಹಣ ಕೊಟ್ಟು ತಂಗುವ ಈಗಿನ ಪ್ರವಾಸಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ದಿನವನ್ನೂ ವೇಳೆಯನ್ನೂ ಗೊತ್ತುಮಾಡಿಕೊಂಡೇ ಹೊರಡಬೇಕು. ರಜೆ ಬಂದೊಡನೆ ಮಕ್ಕಳುಮರಿಗಳೊಡನೆ ಕಾರವಾರದ ಕಡಲನ್ನು ನೋಡಹೊರಡುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ, ಅವರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಈ ಸಲ ಬರೆಯುತ್ತೇವೆ.

ಕಾರವಾರದ ಸೀಮೆಯು ಪರಸ್ಥಳದವರಿಗೆ ಬಹುಕಾಲದಿಂದ ಆಶ್ರಯವನ್ನಿತ್ತುದು. 17ನೆಯ ಶತಮಾನದಲ್ಲಿಯೇ ಆಂಗ್ಲ ವರ್ತಕರು ಇಲ್ಲಿ ಕೋಠಿಯನ್ನಿಟ್ಟು ಮೆಣಸಿನ ವ್ಯಾಪಾರವನ್ನು ನಡೆಯಿಸಿದರು. 1880ರ ದಶಕದ ಆದಿಯಲ್ಲಿ ತರುಣ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರಲ್ಲಿ ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಊರಿನ ಕಡಲತೀರಕ್ಕೆ ಈಗ ಅವರದೇ ಹೆಸರು. ಬಂಧುಗಳ ಮನೆಗಿಂತ ಒಳ್ಳೆಯ ಬಿಡಾರವಿಲ್ಲವೆಂಬುದು ನಿಜ. ಆದರೆ ನಮಗೆಲ್ಲರಿಗೂ ಕಾರವಾರದಲ್ಲಿ ನ್ಯಾಯಾಧೀಶನಾದ ಅಣ್ಣನಿರುವನೇ?

ಇನ್ನು ದಾರಿಯ ವಿಚಾರ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದಂದಿನಿಂದ ಈ ಪ್ರಯಾಣವು ಸುಲಭವಾಗಿದೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಘಟ್ಟವನ್ನಿಳಿದು ಬೆಳಗಿನಲ್ಲಿ ಕಾರವಾರವನ್ನು ಸೇರುತ್ತದೆ. ಹುಬ್ಬಳ್ಳಿಯಿಂದ ಬರುವವರಿಗೆ ಯಲ್ಲಾಪುರ, ಅರಬೈಲು ಘಟ್ಟಗಳ ಮೇಲಿಂದ ಅಂಕೋಲೆಗಿಳಿಯುವ ಹೆದ್ದಾರಿಯುಂಟು. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು: ಕಾರವಾರದ ರೈಲುನಿಲ್ದಾಣವು ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಅಂಕೋಲೆಯ ನಿಲ್ದಾಣವೂ ಊರಿಗೆ ದೂರವೇ. ಆದಕಾರಣ ಬೆಳಕಿರುವಾಗಲೇ ಇಳಿಯುವ ಗಾಡಿಯನ್ನು ಆರಿಸುವುದು ಲೇಸು. ರಾತ್ರಿ ಇಳಿಯುವುದು ಅನಿವಾರ್ಯವಾದರೆ ಬಿಡಾರದವರಿಗೆ ಮೊದಲೇ ತಿಳಿಸಿ ರಿಕ್ಷಾವನ್ನು ಗೊತ್ತುಮಾಡಿಕೊಳ್ಳಬೇಕು.

ಯಾವ ಊರಿನಲ್ಲಿ ಇಳಿಯಬೇಕೆಂಬುದನ್ನು ಹೋಗುವ ಉದ್ದೇಶವೇ ನಿರ್ಣಯಿಸಲಿ. ಕಾಳೀನದಿಯ ಸಂಗಮ, ಅದರಾಚೆಯ ಸದಾಶಿವಗಡ, ದೇವಬಾಗದ ಗಾಳಿಮರಗಳ ತೋಪು, ತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆ, ಇವುಗಳನ್ನು ನೋಡುವವರಿಗೆ ಕಾರವಾರವೇ ಅನುಕೂಲ. ಗೋಕರ್ಣದ ಯಾತ್ರೆಯನ್ನೂ ಕೂಡಿಸಿಕೊಂಡವರಿಗೆ ಅಂಕೋಲೆ ಹತ್ತಿರ. 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನನ್ನು ಮುರಿದ ಊರದು. ಮಕ್ಕಳಿಗೆ ತೋರಿಸಿ ಹೇಳತಕ್ಕ ಸ್ಥಳ. ಎರಡೂ ಊರುಗಳ ನಡುವಣ ಕರಾವಳಿಯಲ್ಲಿ ಬಹುಭಾಗವು ನೌಕಾನೆಲೆಗೆ ಸೇರಿರುವುದರಿಂದ, ನಕ್ಷೆಯಲ್ಲಿ ಕಾಣುವ ಮರಳದಂಡೆಯೆಲ್ಲ ನಮಗೆ ತೆರೆದಿದೆಯೆಂದು ಭಾವಿಸಬಾರದು.

ಬಿಡಾರಗಳು ಮುಖ್ಯವಾಗಿ ಎರಡು ಬಗೆ: ಬಸ್ಸುನಿಲ್ದಾಣದ ಸಮೀಪದ ಪೇಟೆಯ ವಸತಿಗೃಹಗಳು ಮತ್ತು ಕಡಲದಂಡೆಯ ಕುಟೀರಗಳು. ಚಿತ್ರದಲ್ಲಿ ಎರಡನೆಯವುಗಳೇ ಮನೋಹರ. ನಮಗೆ ತಿಳಿದ ಒಂದು ಮನೆಯವರು ಮಕ್ಕಳ ಹಟಕ್ಕೊಪ್ಪಿ ಅಂತಹ ಕುಟೀರದಲ್ಲಿ ಇಳಿದರು. ಗಾಡಿ ನಿಲ್ಲುವಲ್ಲಿಂದ ಮರಳಿನಲ್ಲಿ ನಡೆಯಬೇಕಾಗಿತ್ತು. ಮೊಣಕಾಲು ನೋವಿನ ಅಜ್ಜಿಯವರು ಮೊದಲ ದಿನ ಹೇಗೋ ಒಳಸೇರಿದವರು ಮೂರು ದಿನ ಹೊರಗೆ ಬರಲಿಲ್ಲ. ಕಡಲಿನ ಸದ್ದನ್ನು ಕೇಳಿದರೇ ಹೊರತು ಕಡಲನ್ನು ಕಾಣಲಿಲ್ಲ. ಜನ್ಮದಲ್ಲಿ ಒಮ್ಮೆ ಸಮುದ್ರವನ್ನು ನೋಡಬೇಕೆಂದು ಆಶೆಪಟ್ಟವರು ಅವರೇ!

ಆದುದರಿಂದ, ಪ್ರವಾಸದಲ್ಲಿ ಎಲ್ಲರಿಗಿಂತ ಅಶಕ್ತರಾದವರೇ ಯಜಮಾನರೆಂದು ತಿಳಿದು ಬಿಡಾರವನ್ನು ಆರಿಸಬೇಕೆಂಬುದು ನಮ್ಮ ಅಭಿಪ್ರಾಯ. ನೆಲದಂತಸ್ತಿನ ಕೋಣೆ ದೊರೆಯುವುದೇ? ಶೌಚಗೃಹದಲ್ಲಿ ಕುರ್ಚಿಯ ಪೀಠವುಂಟೇ? ಬಿಸಿನೀರು ಯಾವ ಹೊತ್ತಿನಲ್ಲಿ? ವಿದ್ಯುತ್ತು ಹೋದರೆ ಏರ್ಪಾಡೇನು? ಮೀನೂಟವಲ್ಲದವರಿಗೆ ಊಟವೆಲ್ಲಿ? ವೈದ್ಯರು ಎಷ್ಟು ದೂರ? ಬಾಡಿಗೆಯ ಲೆಕ್ಕ ಇಪ್ಪತ್ತನಾಲ್ಕು ತಾಸಿಗೋ, ಮಧ್ಯಾಹ್ನಕ್ಕೆ ಮುಗಿಯುವುದೋ? ಇವನ್ನು ಮುಂಗಡ ಕೊಡುವ ಮೊದಲು ಕೇಳಬೇಕು. ಕೇಳುವುದರಲ್ಲಿ ಸಂಕೋಚವೇತಕ್ಕೆ? ದೊಡ್ಡವರೆಲ್ಲರ ಗುರುತಿನ ಚೀಟಿಗಳೂ ಜೊತೆಯಲ್ಲಿರಲಿ.

ಮಳೆಗಾಲದ ಮಾತು ಬೇರೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜಾರಿ, ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದ ಜನರನ್ನೂ ಕೊಚ್ಚಿಕೊಂಡುಹೋಯಿತು. ಗಂಗಾವಳಿಯಲ್ಲಿ ಮುಳುಗಿದ ಒಂದು ಲಾರಿ ಮೇಲೆ ಬಂದುದು ಸೆಪ್ಟೆಂಬರಿನಲ್ಲಿ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿಯಲ್ಲಿ ಕಾಳೀನದಿಯ ಹಳೆಯ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಈಗ ಸಂಚಾರವು ಪಕ್ಕದ ಹೊಸ ಸೇತುವೆಯ ಮೇಲೆ ನಡೆಯುತ್ತಿದೆ. ಸಹ್ಯಾದ್ರಿಯ ಪಾದವು ಕಡಲಿಗೆ ಇಷ್ಟು ಹತ್ತಿರವಿರುವ ಸೀಮೆಯಲ್ಲಿ ಆಷಾಢ ಶ್ರಾವಣಗಳ ಮಳೆಯನ್ನು ಲಘುವಾಗಿ ಎಣಿಸಲಾಗದು. ರೈಲುಗಳು ಕೂಡ ಆಗ ಬೇರೆ ವೇಳಾಪಟ್ಟಿಯಂತೆ ಮೆಲ್ಲಗೆ ಓಡುತ್ತವೆ. ಮಳೆಯಲ್ಲಿ ಹೋಗಲೇಬೇಕಾದವರು ಕಡಿದ ಗುಡ್ಡದ ಬುಡದಲ್ಲಿ ಬಿಡಾರ ಮಾಡದಿರಲಿ, ಅಲ್ಲಿ ವಿಶ್ರಮಿಸಲೂ ನಿಲ್ಲದಿರಲಿ. ಒಂದು ದಿನ ಹೆಚ್ಚಾದರೂ ಚಿಂತೆಯಿಲ್ಲವೆಂಬಷ್ಟು ಅವಕಾಶವನ್ನಿಟ್ಟುಕೊಂಡು ಹೊರಡಲಿ.

ಮಾರ್ಗಶಿರದಿಂದ ಮಾಘದವರೆಗಿನ ಕಾಲವೇ ಉತ್ತಮ. ಆಗ ಹಿತವಾದ ಬಿಸಿಲು, ಶಾಂತವಾದ ಕಡಲು. ಹೊರಡುವ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಕೇಳಿರಿ: ‘ನಿಮಗೆ ಎಷ್ಟು ಮೆಟ್ಟಿಲು ಹತ್ತಲಾದೀತು?’ ಆ ಉತ್ತರ ದೊರೆತ ಮೇಲೆಯೇ ಕೋಣೆಯನ್ನು ಗೊತ್ತುಮಾಡುವುದು ಯುಕ್ತ.