ಇಪ್ಪತ್ನಾಲ್ಕು ಸಾವಿರದ ಲಾರಿ

ಮಗಳ ಮನೆ ಸಾಮಾನು ಗೊಟ್ಟಿಗೆರೆ ಬಿಟ್ಟು ಪುಣೆ ಸೇರಿ ತಿಂಗಳಾಯ್ತು. ಈಗ್ಲೂ ಯಾರಾದ್ರೂ ಫೋನ್ ಮಾಡಿ, "ಲಾರಿಗೆ ಎಷ್ಟಾಯ್ತು?" ಅಂತ ಕೇಳ್ತಾರೆ. ಆ ಪ್ರಶ್ನೆಯೇ ಸರಿ ಇಲ್ಲ ಕಣ್ರೀ. ನಾನೂ ಅದನ್ನೇ ಕೇಳ್ತಾ ಕೂತಿದ್ದೆ, ಅದಕ್ಕೇ ಕೆಟ್ಟಿದ್ದು.

ಮೂರು ಕಡೆ ರೇಟ್ ಕೇಳಿದ್ವಿ. ಒಬ್ಬರು ಮನೆಗೇ ಬಂದು, ಅಟ್ಟದ ಮೇಲೆ ಟಾರ್ಚ್ ಬಿಟ್ಟು, ಮಂಚದ ಕೆಳಗೆ ಬಗ್ಗಿ ನೋಡಿ, ಎಲ್ಲಾ ಬರ್ಕೊಂಡು, ತೆರಿಗೆ ಸೇರಿಸಿ 41,000 ಅಂದ್ರು. ಇನ್ನೊಬ್ಬರು ಫೋನಲ್ಲೇ ವಿಡಿಯೋ ನೋಡಿ 36,000 ಅಂದ್ರು. ಮೂರನೆಯವನು ಏನೂ ನೋಡ್ಲಿಲ್ಲ. "ಎರಡು ಬೆಡ್‌ರೂಮ್ ಅಲ್ವಾ ಆಂಟಿ, 24,000 ಕೊಡಿ, ಡೋರ್ ಟು ಡೋರ್" ಅಂದ. ಮಗಳು 36,000ದವರಿಗೇ ಕೊಡೋಣ ಅಂದ್ಲು. ನಾನೇ ಬಿಡಲಿಲ್ಲ. "ಹನ್ನೆರಡು ಸಾವಿರ ಏನು ಮರದಲ್ಲಿ ಉದುರುತ್ತಾ?" ಅಂತ ಬೈದೆ. ಈ ಮಾತು ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದೀನಿ.

ಲಾರಿ ಬಂದ ದಿನ ಸಾಮಾನು ನೋಡಿ ಅವನ ಕಡೆಯೋರು, "ಇದು 17 ಅಡಿ ಗಾಡೀಲಿ ಹಿಡಿಯಲ್ಲ, 19 ಅಡೀದು ಬೇಕು" ಅಂದ್ರು. 6,000. ತೆರಿಗೆ ಬೇರೆ ಅಂದ್ರು, 24,000ಕ್ಕೆ ಶೇಕಡಾ 18 ಅಂದ್ರೆ 4,320. ಇನ್ಶೂರೆನ್ಸ್ ಅಂತ 3,000. ಅರ್ಧ ಮನೆ ಕಟ್ಟಿ ಆಗಿತ್ತು, ಬಾಡಿಗೆ ಮನೆ ಓನರ್ ಬೀಗದ ಕೈ ಕೇಳ್ತಾ ಬಾಗಿಲಲ್ಲಿ ನಿಂತಿದ್ರು. ಆಗ ಬೇಡ ಅನ್ನೋಕೆ ಆಗುತ್ತಾ?

ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಸುಮಾರು 840 ಕಿಲೋಮೀಟರ್. ಮೂರು ದಿನ ಅಂದಿದ್ದ ಸಾಮಾನು ಏಳನೇ ದಿನ ಬಂತು. ಆಮೇಲೆ ಗೊತ್ತಾಯ್ತು, ಫೋನಲ್ಲಿ ಮಾತಾಡಿದವನು ಬರೀ ಮಧ್ಯವರ್ತಿ, ಲಾರಿ ಇನ್ಯಾರದೋ. ದಾರೀಲಿ ಬೇರೆಯೋರ ಸಾಮಾನೂ ತುಂಬ್ಕೊಂಡು, ಇಳಿಸ್ಕೊಂಡು ಬಂದಿದ್ದಾರೆ. ಪಾರ್ಟ್ ಲೋಡ್ ಅಂತಾರಲ್ಲ, ಅದು. ಅದು ತಪ್ಪಲ್ಲ, ಅದಕ್ಕೆ ರೇಟೂ ಕಮ್ಮಿ. ಆದ್ರೆ ಮುಂಚೇನೇ ಹೇಳ್ಬೇಕು ತಾನೆ? ಆ ನಾಲ್ಕು ದಿನ ಮಗಳು ಎರಡು ವರ್ಷದ ಕೂಸು ಇಟ್ಕೊಂಡು ಲಾಡ್ಜಲ್ಲಿ ಇದ್ಲು. ದಿನಕ್ಕೆ 1,800 ಅಂದ್ರೆ 7,200.

ಕೊನೆಗೆ ಗಾಡಿ ಬಂದಿದ್ದು ರಾತ್ರಿ ಹತ್ತು ಗಂಟೆಗೆ. ಅಪಾರ್ಟ್‌ಮೆಂಟ್ ಒಳಗೆ ದೊಡ್ಡ ಲಾರಿ ಬಿಡಲ್ಲ, ಸಣ್ಣ ಟೆಂಪೋಗೆ ತುಂಬ್ಬೇಕು ಅಂತ 3,000. ಮೂರನೇ ಮಹಡಿ, ಆ ಹೊತ್ತಿಗೆ ಲಿಫ್ಟ್ ಇಲ್ಲ ಅಂತ 2,500. ದುಡ್ಡು ಕೊಡೋ ತನಕ ಬಾಗಿಲು ತೆಗೆಯಲ್ಲ ಅಂತ ಡ್ರೈವರು ಬೀಡಿ ಸೇದ್ತಾ ಕೂತ. ಕೂಸಿನ ಹಾಸಿಗೆ, ಹಾಲು ಕಾಯಿಸೋ ಪಾತ್ರೆ ಎಲ್ಲಾ ಒಳಗೆ. ಮಗಳು ಫೋನ್ ಮಾಡಿ ಏನೂ ಮಾತಾಡ್ಲಿಲ್ಲ, ಸುಮ್ನೆ ಅತ್ಲು. ಅಳಿಯ ಕೊಟ್ರು. ಇಷ್ಟಾದ್ರೂ ನನಗೆ ಒಂದು ಮಾತು ಅನ್ನಲಿಲ್ಲ ಆ ಹುಡುಗ. ಅಂದಿದ್ರೆ ಹಗುರ ಆಗ್ತಿತ್ತು.

ಕೂಡಿಸಿ ನೋಡಿ. ಲಾರಿಯವನ ಕೈಗೇ 42,820. ಮನೆಗೆ ಬಂದು ನೋಡಿ ಎಲ್ಲಕ್ಕಿಂತ ಜಾಸ್ತಿ ಹೇಳಿದ್ರಲ್ಲ, ಅವರಿಗಿಂತ 1,820 ಹೆಚ್ಚು. ಲಾಡ್ಜ್ ಸೇರಿದ್ರೆ 50,020. ಇದರ ಮೇಲೆ ಚೆಕ್‌ಪೋಸ್ಟಲ್ಲಿ ಇ-ವೇ ಬಿಲ್ ದಂಡ ಕಟ್ಟಿದೀನಿ ಅಂತ 1,500 ಕೇಳಿದ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ಲೇ ಬೇಡ, ಅದು ಜಿಎಸ್‌ಟಿ ನಿಯಮದಲ್ಲೇ ಇದೆ. ಅಳಿಯನಿಗೆ ಗೊತ್ತಿತ್ತು, ಅದೊಂದು ಉಳೀತು.

ಅದಕ್ಕೇ ನನ್ನ ಅಭಿಪ್ರಾಯ, ಮನೆಗೆ ಬಂದು ಸಾಮಾನು ನೋಡದೆ ರೇಟ್ ಹೇಳೋರನ್ನ ಮಾತಾಡಿಸ್ಲೇಬಾರದು. ಮನೆ ಸಾಮಾನಿಗೆ ತೂಕಕ್ಕಿಂತ ಜಾಗ ಮುಖ್ಯ, ಎಷ್ಟು ಅಡಿ ಗಾಡಿ ಅನ್ನೋದರ ಮೇಲೆ ದುಡ್ಡು. ಅಟ್ಟ ನೋಡದೋನಿಗೆ ಅದು ಹೇಗೆ ಗೊತ್ತಾಗುತ್ತೆ? ಎರಡೂ ಕಡೆ ಮಹಡಿ, ಲಿಫ್ಟು, ಗೇಟಿನ ತನಕ ಲಾರಿ ಬರುತ್ತಾ, ತೆರಿಗೆ ಸೇರಿದ್ಯಾ, ತಡ ಆದ್ರೆ ಏನು, ಎಲ್ಲಾ ಬರೆಸ್ಕೊಳ್ಳಿ. ವಾಟ್ಸಾಪಲ್ಲಾದ್ರೂ ಸರಿ. ಇನ್ಶೂರೆನ್ಸ್ ಅಂದ್ರೆ ಇನ್ಶೂರೆನ್ಸ್ ಕಂಪನಿ ಹೆಸರು, ಪಾಲಿಸಿ ನಂಬರ್ ಇರೋ ಕಾಗದ ಕೇಳಿ. ನಮಗೆ ಸಿಕ್ಕಿದ್ದು ಅವನದೇ ರಬ್ಬರ್ ಸ್ಟಾಂಪ್ ಹೊಡೆದ ಚೀಟಿ, 3,000 ನೀರಿಗೆ ಹಾಕಿದ ಹಾಗೆ. ಸಾಮಾನು ಇಳಿದ ಮೇಲೆ ಸಹಿ ಹಾಕೋಕೆ ಮುಂಚೆ ಒಡೆದಿದ್ದನ್ನ ಆ ಕಾಗದದ ಮೇಲೇ ಬರೀಬೇಕು, ಫೋಟೋ ತೆಗೀಬೇಕು. ರಸ್ತೆ ಸಾಗಣೆಗೆ 2007ರ ಕಾಯ್ದೆ ಒಂದಿದೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೇಲಿ ನೋಟಿಸ್ ಕೊಡಬೇಕಂತೆ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ. ನಮಗೆ ಇದೆಲ್ಲಾ ತಿಳಿಯೋ ಹೊತ್ತಿಗೆ ಮಗಳು ಸಹಿ ಹಾಕಿ ಆಗಿತ್ತು.

ನಮ್ಮೆಜಮಾನ್ರು ಮೊದಲಿಂದ್ಲೂ, "ಎಲ್ಲಾ ಮಾರಿಬಿಡಿ, ಅಲ್ಲಿ ಹೊಸದು ತಗೊಳ್ಳಿ" ಅಂತಿದ್ರು. ಗಂಡಸರಿಗೆ ಹೇಳೋದು ಸುಲಭ. 18,000ದ ಮಂಚವನ್ನ 3,000ಕ್ಕೆ ಕೇಳಿದ್ರು. ಅಲ್ಲಿ ಮತ್ತೆ ಅಂಥದ್ದು ತಗೊಂಡ್ರೆ ಮೇಲೆ 15,000 ಹೋಯ್ತು. ಆದ್ರೂ ಅವರ ಮಾತಲ್ಲಿ ಅರ್ಧ ನಿಜ ಇತ್ತು ಅಂತ ಈಗ ಒಪ್ಕೋತೀನಿ. ಪಾರ್ಟಿಕಲ್ ಬೋರ್ಡ್ ಬೀರು ಒಂದ್ಸಲ ಬಿಚ್ಚಿದ್ರೆ ಸ್ಕ್ರೂ ತೂತು ಸಡಿಲ ಆಗಿ ಮತ್ತೆ ಸರಿಯಾಗಿ ನಿಲ್ಲಲ್ಲ. ಅದನ್ನ ಸಾಗಿಸಿದ್ದು ಶುದ್ಧ ದಂಡ. ತೇಗದ್ದು, ಕಬ್ಬಿಣದ್ದು, ಸ್ಟೀಲು, ಹಿತ್ತಾಳೆ ತಗೊಂಡು ಹೋಗಿ. ಪ್ಲಾಸ್ಟಿಕ್ ಡಬ್ಬ, ಹಳೇ ಪರದೆ, ಒಂದೇ ಒಂದು ಮುಚ್ಚಳ ಇಲ್ಲದ ಟಪ್ಪರ್‌ವೇರ್ ಯಾಕ್ರೀ? ನಾವು ಅದನ್ನೂ ಪುಣೆಗೆ ಕಳಿಸಿದೀವಿ.

ಮುಂಭಾಗಕ್ಕೆ ಬಾಗಿಲಿರೋ ವಾಷಿಂಗ್ ಮೆಷೀನಿಗೆ ಹೊಸದರಲ್ಲಿ ಹಿಂದೆ ಉದ್ದ ಬೋಲ್ಟ್ ಹಾಕಿರ್ತಾರೆ. ಆ ಬೋಲ್ಟ್ ಎತ್ತಿಟ್ಟಿರಬೇಕು, ಸಾಗಿಸೋವಾಗ ಮತ್ತೆ ಹಾಕ್ಬೇಕು, ಇಲ್ಲಾಂದ್ರೆ ಒಳಗಿನ ಡ್ರಮ್ ಅಲ್ಲಾಡಿ ಕೆಡುತ್ತೆ. ಫ್ರಿಡ್ಜ್ ಹಿಂದಿನ ದಿನಾನೇ ಆಫ್ ಮಾಡಿ ಒರೆಸಿ ಒಣಗಿಸ್ಬೇಕು, ಅಲ್ಲಿ ಹೋದ ಮೇಲೆ ಕೆಲವು ಗಂಟೆ ನಿಲ್ಸಿ ಆಮೇಲೆ ಪ್ಲಗ್ ಹಾಕ್ಬೇಕು. ಗ್ಯಾಸ್ ಸಿಲಿಂಡರ್ ಲಾರೀಲಿ ಹಾಕೋ ಹಾಗೇ ಇಲ್ಲ, ಏಜೆನ್ಸಿಗೆ ವಾಪಸ್ ಕೊಟ್ಟು ಕಾಗದ ಮಾಡಿಸ್ಕೊಂಡು ಹೋಗ್ಬೇಕು. ಸ್ಕೂಟರ್ ವಿಷಯ ಇನ್ನೂ ತಲೆನೋವು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಅಲ್ಲೇ ನೋಂದಣಿ ಮಾಡಿಸಿ ಅಲ್ಲಿನ ತೆರಿಗೆ ಕಟ್ಟಬೇಕು, ಇಲ್ಲಿನ ಆರ್‌ಟಿಓದಿಂದ ಎನ್‌ಓಸಿ ತರಬೇಕು. ಮಗಳ ಸ್ಕೂಟರ್ ಒಂಬತ್ತು ವರ್ಷದ್ದು. ಅದನ್ನ ಇಲ್ಲೇ ಮಾರಿಸಿದೆ. ನಾನು ಮಾಡಿದ ಒಂದು ಒಳ್ಳೇ ಕೆಲಸ ಅಂದ್ರೆ ಅದೇ.

ಮುಹೂರ್ತದ ಖರ್ಚೂ ಇದೆ. ಆಷಾಢದಲ್ಲಿ ಮನೆ ಬದಲಾಯಿಸೋದು ಬೇಡ ಅಂತ ನಾನೇ ಹಟ ಹಿಡಿದು ತಿಂಗಳ ಕೊನೆಗೆ ಹೊರಡಿಸಿದೆ. ತಿಂಗಳ ಕೊನೇಲಿ ಎಲ್ಲರೂ ಮನೆ ಖಾಲಿ ಮಾಡೋದೇ. ಒಳ್ಳೇ ಜನ ಯಾರೂ ಸಿಗಲಿಲ್ಲ. ಆಷಾಢ ಬಿಡಿ ಅಂತ ನಾನು ಹೇಳಲ್ಲ, ಹದಿನೈದು ದಿನ ಮುಂಚೆ ಹೊರಡಿಸಬಹುದಿತ್ತು ಅಷ್ಟೆ.

1994ರಲ್ಲಿ ನಾವು ಹಾಸನದಿಂದ ಬೆಂಗಳೂರಿಗೆ ಬಂದಾಗ ಲಾರಿ ಬಾಡಿಗೆ ಬಿಟ್ರೆ ಏನೂ ಖರ್ಚಿರಲಿಲ್ಲ ಅಂತ ಹೇಳ್ತಾ ಇರ್ತೀನಿ. ಸುಳ್ಳು. ನಮ್ಮ ಮೈದುನರು, ಪಕ್ಕದ ಮನೆ ಹುಡುಗರು ಹೊತ್ರು. ನಮ್ಮಮ್ಮ ಹಿಂದಿನ ರಾತ್ರಿ ಇಪ್ಪತ್ತು ಜನಕ್ಕೆ ಪುಳಿಯೋಗರೆ ಕಲಸಿ ಕಟ್ಟಿದ್ರು. ಮೈದುನರೊಬ್ಬರಿಗೆ ಅವತ್ತು ಹಿಡಿದ ಸೊಂಟ ಈಗ್ಲೂ ಚಳಿಗಾಲದಲ್ಲಿ ಹಿಡಿಯುತ್ತೆ. ಯಾರೂ ಬಿಲ್ ಬರೀಲಿಲ್ಲ, ಅಷ್ಟೇ.

ನಮ್ಮತ್ತೆಯ ಒರಳುಕಲ್ಲು ಮಾತ್ರ ಮಗಳಿಗೆ ಕೊಡೋಕೆ ಆಗಲಿಲ್ಲ. ಅದಕ್ಕೂ ಬೇರೆ ದುಡ್ಡು ಕೇಳಿದ, ನಾನು ಬೇಡ ಅಂದೆ. ಬಾಲ್ಕನೀಲಿ ಇದೆ. ಮೊನ್ನೆ ಮಗಳು ಫೋನ್ ಮಾಡಿ, "ಅಮ್ಮ, ಆ 11,000 ನೀನು ಕಳಿಸಿದ್ದು ಯಾಕೆ?" ಅಂದ್ಲು. ಲಾರಿಯವನು ಬಾಗಿಲಲ್ಲಿ ಕಿತ್ಕೊಂಡಿದ್ದು, ಒಡೆದ ಮಿಕ್ಸಿಯದ್ದು, ಎಲ್ಲಾ ಲೆಕ್ಕ ಹಾಕಿ ನನ್ನ ಚೀಟಿ ದುಡ್ಡಲ್ಲಿ ಹಾಕಿದ್ದೆ. ಇಟ್ಕೋ ಅಂದೆ. ವಾಪಸ್ ಹಾಕಿದಾಳೆ. ನಾಳೆ ಮತ್ತೆ ಕಳಿಸ್ತೀನಿ.