ಅರ್ಧಕ್ಕೆ ಬಿಡ್ತೀಯೇನಪಾ?

ಮೊದಲೇ ಹೇಳಿಬಿಡ್ತೀನಿ, ಇದು ಕುಡಿಯಿರಿ ಅಂತ ಹೇಳೋ ಬರಹ ಅಲ್ಲ. ಕುಡಿಯಬೇಡಿ ಅಂತ ಬುದ್ಧಿ ಹೇಳೋ ಯೋಗ್ಯತೆ ನನಗಂತೂ ಇಲ್ಲ. ಬಿಯರ್ ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡೋ ಚಟ ಇರೋವ್ನು ನಾನು. ಅಂಥವನಿಗೆ ನಮ್ಮವ್ವ ಒಂದು ಪ್ರಶ್ನೆ ಕೇಳಿದಳು. ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಊರು ನೀರಮಾನ್ವಿ. ರಾಯಚೂರಿನಿಂದ ಮಾನ್ವಿಗೆ ಹೋಗೋ ದಾರಿಯಲ್ಲಿ ಸಿಗತ್ತೆ. ಯಲ್ಲಮ್ಮನ ಜಾತ್ರೆಗೆ ಬಂದವರಿಗೆ ಗೊತ್ತಿರತ್ತೆ. ನಾನು ಹೊಟ್ಟೆಪಾಡಿಗೆ ಬೆಂಗಳೂರು ಸೇರಿ ಬಹಳ ವರ್ಷ ಆಯ್ತು. ಅಲ್ಲಿ ನಾವೊಂದು ನಾಲ್ಕೈದು ಜನ ಗೆಳೆಯರು ತಿಂಗಳಿಗೊಮ್ಮೆ ಸೇರ್ತೀವಿ. ಗ್ಲಾಸುಗಳಿಗೆ ನಂಬರ್ ಚೀಟಿ ಅಂಟಿಸಿ, ಯಾವುದು ಯಾವ ಬಿಯರ್ ಅಂತ ಹೇಳದೇ ಎಲ್ಲರ ಮುಂದಿಟ್ಟು, ಯಾವುದು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಅಂತ ಜಗಳ ಆಡ್ತೀವಿ. ಈ ಹುಚ್ಚು ಹತ್ತಿದ್ದು 2010-11ರ ಸುಮಾರಿಗೆ. ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ ಬಾಗಿಲು ತೆರೆದ ಕಾಲ ಅದು. ಅಲ್ಲಿಯವರೆಗೆ ಬಿಯರ್ ಅಂದ್ರೆ ನನಗೆ ಎರಡೇ ಜಾತಿ ಗೊತ್ತಿದ್ದವು - ಸ್ಟ್ರಾಂಗು, ಮೈಲ್ಡು!

ಹೋದ ಬೇಸಿಗೆಯಲ್ಲಿ ಊರಿಗೆ ಹೋಗುವಾಗ ನಮ್ಮ ಈ ಆಟವನ್ನ ಊರಿನ ಗೆಳೆಯರ ಜೊತೆ ಆಡಿದ್ರೆ ಹೇಗಿರತ್ತೆ ಅನ್ನಿಸ್ತು. ಐರ್ಲೆಂಡಿನಿಂದ ಬಂದ ಗೆಳೆಯನೊಬ್ಬ ಗಿನ್ನೆಸ್ ಸ್ಟೌಟ್ ಕ್ಯಾನುಗಳನ್ನ ತಂದುಕೊಟ್ಟಿದ್ದ. ಅದರ ಜೊತೆ ಒಂದು ಗೋಧಿ ಬಿಯರು, ಒಂದು ಮೈಲ್ಡ್ ಲಾಗರು, ನಮ್ಮ ಕಡೆ ಎಲ್ಲಾ ಅಂಗಡಿಯಲ್ಲೂ ಸಿಗೋ ಒಂದು ಸ್ಟ್ರಾಂಗು. ರಾತ್ರಿ ನಮ್ಮನೆ ಮಾಳಿಗೆ ಮೇಲೆ ಚಾಪೆ ಹಾಸಿ, ನಾಲ್ಕು ಸ್ಟೀಲ್ ಲೋಟಗಳನ್ನ ಸಾಲಾಗಿ ಇಟ್ಟೆ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ, ಹತ್ತು ಗಂಟೆಯಾದ್ರೂ ಮಾಳಿಗೆಯ ನೆಲ ಬೆಚ್ಚಗೇ ಇತ್ತು.

ನನ್ನ ಜೊತೆ ಓದಿದವನೊಬ್ಬ, ಈಗ ಟ್ರ್ಯಾಕ್ಟರ್ ಇಟ್ಟುಕೊಂಡಿದಾನೆ. ಮೊದಲನೇ ಲೋಟ ಬಾಯಿಗಿಟ್ಟು, "ಇದೇನಲೇ, ಸುಟ್ಟ ಜ್ವಾಳದ ರೊಟ್ಟಿ ವಾಸನಿ ಹೊಡಿತೈತಿ" ಅಂದ. ನಾನು ಕುಣಿದುಬಿಟ್ಟೆ! ಅದೇ ಸ್ಟೌಟು. ಅದರಲ್ಲಿ ಬಾರ್ಲಿಯನ್ನ ಕಪ್ಪಾಗುವ ತನಕ ಹುರಿದು ಹಾಕಿರ್ತಾರೆ. ಬೆಂಗಳೂರಲ್ಲಿ ನಾವು ಅದಕ್ಕೆ ಕಾಫಿ, ಚಾಕೊಲೇಟು ಅಂತೆಲ್ಲ ಹೆಸರಿಡ್ತೀವಿ. ಇವನು ಒಂದೇ ಗುಟುಕಿಗೆ ಸರಿಯಾದ ಮಾತು ಹೇಳಿದ್ದ. ಗೋಧಿ ಬಿಯರಿಗೆ ಇನ್ನೊಬ್ಬ "ಬಾಳೆಹಣ್ಣು ಕೊಳೆಸ್ಯಾರೇನು?" ಅಂದ. ಅದೂ ಸರಿಯೇ. ಜರ್ಮನಿಯ ಗೋಧಿ ಬಿಯರಿಗೆ ಹಾಕೋ ಯೀಸ್ಟು ಬಾಳೆಹಣ್ಣು, ಲವಂಗದ ವಾಸನೆಯನ್ನ ತಾನೇ ಹುಟ್ಟಿಸತ್ತೆ, ಬಾಳೆಹಣ್ಣು ಯಾರೂ ಹಾಕಿರಲ್ಲ. ಮೈಲ್ಡ್ ಲಾಗರಿಗೆ "ಯುಗಾದಿ ಬೇವು, ಆದ್ರ ಬಾಳ ಸಣ್ಣಗ" ಅಂದ್ರು. ಹಾಪ್ಸ್ ಅನ್ನೋ ಹೂವಿನ ಕಹಿ ಅದು. ಸ್ಟ್ರಾಂಗ್ ಬಿಯರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. "ಇದು ನಮ್ಮದಾ" ಅಂದ್ರು, ಅಷ್ಟೇ.

ಆಮೇಲೆ ನಾನು ಕೇಳಿದೆ, "ಇದ್ರಾಗ ಎಲ್ಲಕ್ಕಿಂತ ಜೋರು ಯಾವ್ದು?" ಎಲ್ಲರೂ ಒಟ್ಟಿಗೇ ಕಪ್ಪು ಬಿಯರ್ ತೋರಿಸಿದ್ರು. ಡಬ್ಬಿ ಮೇಲೆ ಬರೆದಿದ್ದು ಓದಿ ಹೇಳಿದೆ. ಗಿನ್ನೆಸ್ ಶೇ. 4.2. ನಾಲ್ಕರಲ್ಲೂ ಕಡಿಮೆ ಅದೇ! ಬಣ್ಣಕ್ಕೂ ಅಮಲಿಗೂ ಸಂಬಂಧ ಇಲ್ಲ. ನೋಡೋಕೆ ಕೆನೆ ಕಟ್ಟಿದ ಹಾಗೆ ದಪ್ಪಗಿದ್ದರೂ ಆ ಕೆನೆ ಬರೋದು ನೈಟ್ರೋಜನ್ ಅನಿಲದಿಂದ. 1759ರಲ್ಲಿ ಡಬ್ಲಿನ್ನಿನಲ್ಲಿ ಆರ್ಥರ್ ಗಿನ್ನೆಸ್ ಕಂಪನಿ ಶುರು ಮಾಡಿದಾಗ ಈ ನೈಟ್ರೋಜನ್ ಇರಲಿಲ್ಲ, ಅದು ಬಂದದ್ದು ಸರಿಯಾಗಿ 200 ವರ್ಷದ ಮೇಲೆ, 1959ರಲ್ಲಿ. ಕ್ಯಾನಿನ ಒಳಗೆ ನೈಟ್ರೋಜನ್ ತುಂಬಿದ ಸಣ್ಣ ಪ್ಲಾಸ್ಟಿಕ್ ಗುಂಡು ಇರತ್ತೆ. ಟ್ರ್ಯಾಕ್ಟರ್ ಗೆಳೆಯ ಖಾಲಿ ಡಬ್ಬಿ ಅಲ್ಲಾಡಿಸಿ "ಲೇ, ಒಳಗ ಏನೋ ಬಿದ್ದೈತಿ, ನೊಣ ಏನೋ ನೋಡು" ಅಂದಾಗ ಬಿದ್ದು ಬಿದ್ದು ನಕ್ಕೆವು :)

ಆ ನಗು ಕೇಳಿ ಅವ್ವ ಮೆಟ್ಟಿಲು ಹತ್ತಿ ಬಂದಳು.

ಇಲ್ಲಿ ನಮ್ಮಪ್ಪನ ವಿಷಯ ಹೇಳಲೇಬೇಕು. ಅಪ್ಪ ಕುಡೀತಿದ್ದ. ಪಾಕೀಟು ಸಾರಾಯಿ. ಹಲ್ಲಲ್ಲಿ ಮೂಲೆ ಕಚ್ಚಿ ಬಾಯಿಗೆ ಸುರಿದುಕೊಳ್ಳೋದು, ಎರಡು ನಿಮಿಷದ ಕೆಲಸ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಪ್ಪ ನಿಲ್ಲಿಸಲಿಲ್ಲ. ಪಾಕೀಟಿನಿಂದ ಕ್ವಾರ್ಟರಿಗೆ ಬಂದ, ಖರ್ಚು ಜಾಸ್ತಿ ಆಯ್ತು, ಎರಡು ವರ್ಷಕ್ಕೆ ಹೋಗಿಬಿಟ್ಟ. ಆಮೇಲೆ ನಮ್ಮನೆಯಲ್ಲಿ ಬಾಟಲಿ ಅನ್ನೋ ವಸ್ತು ಬಂದಿದ್ದು ಆವತ್ತೇ. ತಂದವನು ನಾನು.

ಅವ್ವ ಬೈಯಲಿಲ್ಲ. ಲೋಟಗಳನ್ನ ನೋಡಿದಳು, ಚೀಟಿಗಳನ್ನ ನೋಡಿದಳು. "ಏನಪಾ ಇದು?" ಅಂದಳು. ನಾನು ಉತ್ಸಾಹದಲ್ಲೇ ಹೇಳಿದೆ - ಅವ್ವ, ಇದು ಅಪ್ಪ ಕುಡಿದಂಗಲ್ಲ, ನಾವು ರುಚಿ ನೋಡಾಕತ್ತೀವಿ, ಯಾವ್ದು ಹೆಂಗೈತಿ ಅಂತ. ಅವ್ವ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೇಳಿದಳು:

"ರುಚಿ ನೋಡಿದ್ರಿ ಅಲ್ಲ, ಮತ್ತ ಅರ್ಧಕ್ಕ ಬಿಡ್ತೀಯೇನಪಾ?"

ಇಷ್ಟು ಕೇಳಿ ಇಳಿದು ಹೋದಳು. ಲೋಟಗಳನ್ನ ನೋಡಿದೆ. ನಾಲ್ಕೂ ಖಾಲಿ ಆಗಿದ್ದವು.

ಸಾರಿನ ರುಚಿ ನೋಡೋವ್ರು ಸೌಟಿನ ತುದಿಯಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು ನೋಡ್ತಾರೆ. ಪಾತ್ರೆ ಖಾಲಿ ಮಾಡಲ್ಲ. ಇಷ್ಟು ವರ್ಷದಲ್ಲಿ, ಚೆನ್ನಾಗಿಲ್ಲ ಅಂತ ಕಡಿಮೆ ಅಂಕ ಕೊಟ್ಟ ಬಿಯರನ್ನಾದ್ರೂ ನಾನು ಅರ್ಧಕ್ಕೆ ಬಿಟ್ಟಿದ್ದೀನಾ? ಇಲ್ಲ. ದುಡ್ಡು ಕೊಟ್ಟಿದ್ದೀವಲ್ಲ ಅಂತ ಮುಗಿಸಿದ್ದೀನಿ.

ಆವತ್ತಿನಿಂದ ನಾನು ಬಿಯರನ್ನ ಇನ್ನೊಂದು ಲೆಕ್ಕದಲ್ಲಿ ನೋಡೋಕೆ ಶುರು ಮಾಡಿದೆ. ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ ಎಷ್ಟು ಮಿಲಿ ಅಂತ. ಲೆಕ್ಕ ಸುಲಭ. ಶೇ. 8ರ 650 ಮಿಲಿ ಸ್ಟ್ರಾಂಗ್ ಬಾಟಲಿಯಲ್ಲಿ 52 ಮಿಲಿ. ಶೇ. 4.8ರ ಅಷ್ಟೇ ದೊಡ್ಡ ಮೈಲ್ಡ್ ಬಾಟಲಿಯಲ್ಲಿ 31. ಗಿನ್ನೆಸಿನ 440 ಮಿಲಿ ಕ್ಯಾನಿನಲ್ಲಿ ಹದಿನೆಂಟೂವರೆ. ಶೇ. 42.8ರ ವಿಸ್ಕಿ ಒಂದು ನೈಂಟಿಯಲ್ಲಿ ಮೂವತ್ತೆಂಟೂವರೆ. ಅಂದ್ರೆ "ಬರೀ ಬಿಯರ್ರಪ್ಪ" ಅಂತ ನಮ್ಮೂರ ಹುಡುಗ ಕುಡಿಯೋ ಒಂದು ಸ್ಟ್ರಾಂಗು ನೈಂಟಿಗಿಂತ ಜಾಸ್ತಿ. ನಲವತ್ತು ಡಿಗ್ರಿ ಬಿಸಿಲಲ್ಲಿ ಕೆಲಸ ಮಾಡಿ ಬಂದವನು ಬಾಯಾರಿಕೆಗೆ ಅಂತ ಅದನ್ನ ಗಟಗಟ ಇಳಿಸ್ತಾನೆ.

ಇದನ್ನ ಓದಿ ಬೆಂಗಳೂರಿನ ನನ್ನ ಗೆಳೆಯರು "ಅದಕ್ಕೇ ಹೇಳೋದು, ಹಳ್ಳಿಯವರಿಗೆ ಕಿಕ್ ಸಾಕು, ರುಚಿ ಗೊತ್ತಿಲ್ಲ" ಅಂತಾರೆ. ಅಲ್ಲೇ ನನ್ನ ತಕರಾರು ಇರೋದು.

ಒಂದನೆಯದು. ಜಗತ್ತಿನ ಬಿಯರ್ ರಸಿಕರು ಅಂಕ ಕೊಟ್ಟು ಮಾಡುವ 'ಅತ್ಯುತ್ತಮ ಬಿಯರ್' ಪಟ್ಟಿಗಳನ್ನ ನೋಡಿ. ಮೇಲಿನ ಸಾಲುಗಳಲ್ಲಿ ತುಂಬಿರೋದು ಇಂಪೀರಿಯಲ್ ಸ್ಟೌಟುಗಳು, ಶೇ. 10, 12ರವು. ವರ್ಷಗಟ್ಟಲೆ ಮೊದಲ ಸ್ಥಾನಕ್ಕೆ ಹೆಸರು ಮಾಡಿದ್ದ ಬೆಲ್ಜಿಯಂ ಮಠದ ವೆಸ್ಟ್‌ವ್ಲೆಟರನ್ 12 ಅನ್ನೋ ಬಿಯರು ಶೇ. 10.2. 330 ಮಿಲಿಯ ಆ ಸಣ್ಣ ಬಾಟಲಿಯಲ್ಲಿ ಸುಮಾರು 34 ಮಿಲಿ ಆಲ್ಕೋಹಾಲ್, ನಮ್ಮ ದೊಡ್ಡ ಮೈಲ್ಡ್ ಬಾಟಲಿಗಿಂತ ಹೆಚ್ಚು. ಒಳ್ಳೆಯ ಪಿಲ್ಸ್‌ನರ್ ಲಾಗರಿಗೆ ಅಷ್ಟು ಅಂಕ ಯಾರೂ ಕೊಡಲ್ಲ. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್‌ನಲ್ಲಿ ಯೋಸೆಫ್ ಗ್ರೋಲ್ ಮೊದಲು ಮಾಡಿದ ಆ ತಿಳಿ ಬಂಗಾರದ ಬಿಯರನ್ನ ಸರಿಯಾಗಿ ಮಾಡೋದು ಕಷ್ಟ. ತಣ್ಣಗಿಟ್ಟು ವಾರಗಟ್ಟಲೆ ಕಾಯಬೇಕು, ಸಣ್ಣ ತಪ್ಪಾದ್ರೂ ಮುಚ್ಚಿಡೋಕೆ ಹುರಿದ ಬಾರ್ಲಿಯೂ ಇಲ್ಲ, ಹಣ್ಣಿನ ವಾಸನೆಯೂ ಇಲ್ಲ. ಆದರೂ ಅದು ನಮಗೆ 'ಸಾಧಾರಣ'. ಹಾಗಾದ್ರೆ ಕಿಕ್ಕಿಗೆ ಅಂಕ ಕೊಡ್ತಿರೋರು ಯಾರು ಸ್ವಾಮಿ? ನಮ್ಮೂರ ಹುಡುಗ ಕಿಕ್ ಅಂತಾನೆ, ನಾವು 'ಬಾಡಿ', 'ಕಾಂಪ್ಲೆಕ್ಸಿಟಿ' ಅಂತೀವಿ.

ಎರಡನೆಯದು. ಹಳ್ಳಿಯವರಿಗೆ ರುಚಿ ಗೊತ್ತಿಲ್ಲ ಅನ್ನೋದು ಶುದ್ಧ ಸುಳ್ಳು. ಸೇಂದಿ ಇದ್ದ ಕಾಲದಲ್ಲಿ ನಮ್ಮ ತಾತ ಯಾವ ಈಚಲ ಮರದ್ದು ಅಂತ ಗುರುತು ಹಿಡೀತಿದ್ದನಂತೆ. ಬೆಳಿಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಹುಳಿ, ಹೊತ್ತು ಹೋದಂತೆ ಅಮಲೂ ಜಾಸ್ತಿ. ಯಾವ ಹೊತ್ತಿನದು ಬೇಕು ಅಂತ ಕೇಳಿ ಕುಡಿಯೋವ್ರಿದ್ರು. ಹನ್ನೆರಡನೇ ಶತಮಾನದ ಶರಣರ ಸಾಲಿನಲ್ಲೇ ಹೆಂಡದ ಮಾರಯ್ಯ ಇದ್ದ ನಾಡು ನಮ್ಮದು, ಹೆಂಡ ನಮಗೆ ಹೊಸದಲ್ಲ. ಪಾಕೀಟು ಬಂತು, ಅದಕ್ಕೆ ರುಚಿಯೇ ಇರಲಿಲ್ಲ. ಸೇಂದಿ ನಿಂತಿತು. ಅದರ ಜಾಗಕ್ಕೆ ಕದ್ದು ಬಂದದ್ದು ಈಚಲ ಮರದ ಗುರುತೇ ಇಲ್ಲದ ಸೇಂದಿ, ನೀರಿಗೆ ಸಿ.ಎಚ್. ಪೌಡರ್ ಅಂದ್ರೆ ಕ್ಲೋರಲ್ ಹೈಡ್ರೇಟ್ ಕಲಸಿದ್ದು. ರಾಯಚೂರಿನ ಪೇಪರ್ ಓದೋರಿಗೆ ಈ ಹೆಸರು ಹೊಸದೇನಲ್ಲ. ರುಚಿ ನೋಡಿ ಕುಡಿಯುತ್ತಿದ್ದ ಜನಕ್ಕೆ ಬರೀ ಅಮಲನ್ನ ಕೊಟ್ಟು ಕೊಟ್ಟು, ಈಗ ಇವರಿಗೆ ರುಚಿ ಗೊತ್ತಿಲ್ಲ ಅಂದ್ರೆ ಹೇಗೆ? ಮಾಳಿಗೆ ಮೇಲೆ ಸುಟ್ಟ ರೊಟ್ಟಿ ಅಂದವನು ಯಾವ ತರಬೇತಿಗೂ ಹೋದವನಲ್ಲ.

ಮೂರನೆಯದು ನನಗೇ ಕಷ್ಟದ ಮಾತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ್ರು. ರಾಯಚೂರು ಜಿಲ್ಲೆಯ ಹೆಣ್ಮಕ್ಕಳೂ ಅದರಲ್ಲಿದ್ರು. ಬೆಂಗಳೂರಲ್ಲಿ ಆ ಸುದ್ದಿ ನೋಡುವಾಗ ನನ್ನ ಕೈಯಲ್ಲಿ ಟಾಯ್ಟಿನ ಬಾಸ್ಮತಿ ಬ್ಲಾಂಡ್ ಇತ್ತು. ಅಕ್ಕಿ ಹಾಕಿ ಮಾಡೋ ಬಿಯರು. 'ನಮ್ಮ ಮಾನ್ವಿ ಕಡೆ ಸೋನಾ ಮಸೂರಿ ಹಾಕಿ ಮಾಡಿದ್ರೆ ಹೇಗಿರತ್ತೆ' ಅಂತ ಚರ್ಚೆ ನಡೆದಿತ್ತು! ಪೂರ್ತಿ ನಿಷೇಧ ಮಾಡಿದ್ರೆ ಎಲ್ಲಾ ಸರಿಹೋಗತ್ತೆ ಅಂತ ನಾನು ಈಗಲೂ ನಂಬಲ್ಲ. ಸಾರಾಯಿ ನಿಂತಾಗ ನಮ್ಮನೆಯಲ್ಲಿ ಏನಾಯ್ತು ಅಂತ ನೋಡಿದ್ದೀನಿ. ಆದರೆ ಆ ಹೆಣ್ಮಕ್ಕಳು ಕೇಳಿದ್ದೂ ಅವ್ವ ಕೇಳಿದ್ದೂ ಒಂದೇ ಪ್ರಶ್ನೆ. ಅದಕ್ಕೆ 'ನಾವು ಅಂಥವರಲ್ಲ, ರಸಿಕರು' ಅನ್ನೋದು ಉತ್ತರ ಅಲ್ಲ.

ಹಾಗಾದ್ರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು.

ನಮ್ಮ ಕಡೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳೋದು 650 ಮಿಲಿ ಸ್ಟ್ರಾಂಗು. ಸಣ್ಣ ಬಾಟಲಿ ಮೈಲ್ಡ್ ಕೇಳಿದ್ರೆ ಅಂಗಡಿಯವನು ನಗ್ತಾನೆ. ಅದು ಸುಲಭವಾಗಿ ಸಿಗಬೇಕು, ಸ್ಟ್ರಾಂಗಿಗಿಂತ ಎದ್ದು ಕಾಣೋ ಹಾಗೆ ಅಗ್ಗ ಆಗಬೇಕು. 2025ರ ಜನವರಿಯಲ್ಲಿ ರಾಜ್ಯ ಸರಕಾರ ಬಿಯರಿನ ಮೂಲ ಸುಂಕವನ್ನ ಎರಡು ಮಾಡಿತು. ಶೇ. 5ರವರೆಗಿನದಕ್ಕೆ ಕಡಿಮೆ, ಅದರ ಮೇಲಿನದಕ್ಕೆ ಹೆಚ್ಚು. ಬೆಲೆ ಏರಿತು ಅಂತ ನಾವೆಲ್ಲ ಬೈದೆವು. ಆದರೆ ಅಮಲಿಗೆ ತಕ್ಕ ಸುಂಕ ಅನ್ನೋ ಆ ದಾರಿ ಸರಿ ಅಂತ ಈಗ ಅನ್ನಿಸತ್ತೆ. ಬಾಟಲಿಯಲ್ಲಿ ಎಷ್ಟು ಮಿಲಿ ಆಲ್ಕೋಹಾಲ್ ಇದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದ್ರೆ ಇನ್ನೂ ಒಳ್ಳೇದು. ಶೇಕಡಾ ಲೆಕ್ಕ ಎಲ್ಲರೂ ಹಾಕಲ್ಲ. 52 ದೊಡ್ಡದೋ 31 ದೊಡ್ಡದೋ ಅಂತ ಎಲ್ಲರಿಗೂ ಗೊತ್ತಾಗತ್ತೆ.

ಇನ್ನು ನಮ್ಮಂಥ ರಸಿಕರ ವಿಷಯ. ಈಗ ನಮ್ಮ ತಿಂಗಳ ಕೂಟದಲ್ಲಿ ನಾನು ಎರಡು ನಿಯಮ ತಂದಿದ್ದೀನಿ. ಒಂದು, ಗ್ಲಾಸಿಗೆ 60 ಮಿಲಿಗಿಂತ ಹೆಚ್ಚು ಹಾಕಂಗಿಲ್ಲ. ಎರಡು, ಇಷ್ಟ ಆಗದೇ ಇದ್ದದ್ದನ್ನ ಮುಗಿಸಂಗಿಲ್ಲ, ಸಿಂಕಿಗೆ ಸುರೀಬೇಕು. ಮೊದಲ ಸಲ ಸುರಿದಾಗ ಒಬ್ಬ ಗೆಳೆಯ "ಅಯ್ಯೋ ಪಾಪಿ" ಅಂತ ಕೂಗಿಕೊಂಡ :) ಇನ್ನೊಬ್ಬ ಎರಡು ತಿಂಗಳಿಂದ ಬರೋದೇ ಬಿಟ್ಟಿದ್ದಾನೆ. ಅವನು ಯಾತಕ್ಕೆ ಬರ್ತಿದ್ದ ಅಂತ ನನಗೆ ಈಗ ಯೋಚನೆ.

ನನ್ನದೂ ಏನು ಗೆದ್ದ ಕತೆಯಲ್ಲ. ಇಷ್ಟವಾಗದ್ದನ್ನ ಚೆಲ್ಲೋದು ಕಲಿತಿದ್ದೀನಿ. ಇಷ್ಟವಾದ ಸ್ಟೌಟನ್ನ ಅರ್ಧಕ್ಕೆ ಬಿಡೋದು ಹದಿನೈದು ದಿನದ ಹಿಂದೆ ಒಂದು ಸಲ ಮಾತ್ರ ಆಯ್ತು. ಬಿಟ್ಟು ಎದ್ದು ಬಂದವನು ಮನೆ ತಲುಪೋವರೆಗೂ ಅದನ್ನೇ ನೆನೆಸ್ತಿದ್ದೆ. ಅದು ರುಚಿಯ ನೆನಪೋ, ಬೇರೆಯದೋ, ಗೊತ್ತಾಗಲಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿ "ಅರ್ಧಕ್ಕ ಬಿಟ್ಟೆ ನೋಡವ್ವ" ಅಂದೆ. "ಉಳಿದರ್ಧ ಯಾರು ಕುಡಿದ್ರು?" ಅಂದಳು!

ನೀವು ಯಾವತ್ತಾದ್ರೂ ಅರ್ಧಕ್ಕೆ ಬಿಟ್ಟಿದ್ದೀರಾ? ನಿಜ ಹೇಳಿ.